ನೂಲಿನ ಲಡಿಗೊಂದು ಚೀಟಿ

ಶ್ರಾವಣ ಹತ್ತಿರ ಬಂತೆಂದರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಫ್ಯಾನ್ಸಿ ಸ್ಟೋರುಗಳಲ್ಲಿ ಒಂದೇ ಬಗೆಯ ಮಾತು ಕೇಳಿಸುತ್ತದೆ. ಸೀರೆಯ ಸೆರಗನ್ನು ಗಾಜಿನ ಮೇಜಿನ ಮೇಲೆ ಹರಡಿ, 'ಅಣ್ಣಾ, ಕುಚ್ಚು ಹಾಕ್ಬೇಕು, ಇದಕ್ಕೆ ಮ್ಯಾಚ್ ಆಗೋ ದಾರ ಕೊಡಿ' ಎನ್ನುತ್ತಾರೆ ಹೆಣ್ಣುಮಕ್ಕಳು. ಅಂಗಡಿಯವರು ದಾರದುಂಡೆಗಳ ಡಬ್ಬ ಇಳಿಸಿ, ಒಂದೊಂದನ್ನೇ ಬಾಗಿಲ ಬೆಳಕಿಗೆ ಹಿಡಿದು ಸೆರಗಿನ ಪಕ್ಕ ಇಟ್ಟು ನೋಡುತ್ತಾರೆ. ಬಣ್ಣ ಹೊಂದುತ್ತದೆ, ವ್ಯಾಪಾರ ಮುಗಿಯುತ್ತದೆ. ಎರಡು ತಿಂಗಳು ಬಿಟ್ಟು ಅದೇ ಬಣ್ಣ ಬೇಕೆಂದರೆ ಮತ್ತೆ ಮೊದಲಿನಿಂದ ಹುಡುಕಾಟ. ಉಂಡೆಯ ಮೇಲಿನ ಚೀಟಿಯಲ್ಲಿ ಬಣ್ಣದ ಸಂಖ್ಯೆಯೊಂದು ಸ್ಪಷ್ಟವಾಗಿ ಇದ್ದಿದ್ದರೆ ಈ ಪಾಡು ತಪ್ಪುತ್ತಿತ್ತು.

ಕೈಕೆಲಸದ ಸಾಮಗ್ರಿಗೆ ಅಂಟಿಸುವ ಆ ಸಣ್ಣ ಚೀಟಿಗೆ ಒಂದು ಚರಿತ್ರೆ ಇದೆ.

ಚೀಟಿ ಇಲ್ಲದ ಕಾಲದ ಸಾಕ್ಷಿ ಈ ಸೀಮೆಯಲ್ಲೇ ಉಳಿದಿದೆ. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಬಾದ ರಾಜಧಾನಿ ಮಾಡಿಕೊಂಡರು. ಆಡಳಿತ ಬಂದು ಹೋಯಿತು. ಕುರುಬರ ಮಗ್ಗ ಮಾತ್ರ ನಿಲ್ಲಲಿಲ್ಲ. ದಖ್ಖನಿ ಕುರಿಯ ಕರಿ ಉಣ್ಣೆ, ಹಾಸುನೂಲಿಗೆ ಬಳಿಯುವ ಹುಣಸೆಬೀಜದ ಸರಿ (ಗಂಜಿ), ಅಂಚಿನ ಗೀಟು, ಇಷ್ಟೇ ಕಂಬಳಿಯ ಗುರುತು. ಕೊಳ್ಳುವವನು ಅಂಚನ್ನು ಬೆರಳ ನಡುವೆ ಉಜ್ಜುತ್ತಾನೆ, ಸರಿ ಹಿಡಿದ ಬಿರುಸನ್ನು ನೋಡುತ್ತಾನೆ, ಮೂಗಿಗೆ ಹಿಡಿಯುತ್ತಾನೆ, ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ನೇದವನೋ ಅವನ ಊರಿನವನೋ ಎದುರಿಗೇ ಕೂತಿರುವ ಸಂತೆಯಲ್ಲಿ ಬೇರೆ ವಿಳಾಸದ ಅಗತ್ಯವೇ ಇರಲಿಲ್ಲ.

ದೂರದ ಗಿರಣಿಯ ನೂಲು ಬಂದ ಮೇಲೆ ಅಗತ್ಯ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆ ಮತ್ತು ನೂಲಿನ ಕಟ್ಟುಗಳ ಮೇಲೆ ಬಣ್ಣದ ಚಿತ್ರವೊಂದು ಅಂಟಿರುತ್ತಿತ್ತು. ವ್ಯಾಪಾರಿಗಳ ಬಾಯಲ್ಲಿ ಅದು ಟಿಕೆಟ್ಟು, ಇಲ್ಲವೇ ಛಾಪು. ದೇವರು, ಆನೆ, ಹುಲಿ, ರಾಜರಾಣಿಯರ ಚಿತ್ರಗಳು. ಇಂಗ್ಲಿಷ್ ಓದಲಾರದ ನೇಕಾರನೂ ಹಿಂದಿನ ಸಲ ಒಳ್ಳೆಯ ನೂಲು ಕೊಟ್ಟ ಛಾಪನ್ನು ಮರೆಯುತ್ತಿರಲಿಲ್ಲ. ಚೀಟಿ ಕಣ್ಣಿಗೆ ಅಂದವಾಗಿದ್ದುದು ನಿಜ. ಅದರ ಮುಖ್ಯ ಕೆಲಸ ನೆನಪಿನದು. 1894ರಲ್ಲಿ ಚಿತ್ರಕಾರ ರವಿವರ್ಮ ಮುಂಬಯಿಯಲ್ಲಿ ಶಿಲಾಮುದ್ರಣ ಪ್ರೆಸ್ಸು ತೆರೆದ ಮೇಲೆ ಬಣ್ಣದ ಅಚ್ಚಿನ ದೇವರ ಪಟ ಮನೆಮನೆಯ ಗೋಡೆಗೆ ಬಂತು. 1923ರಲ್ಲಿ ಶಿವಕಾಶಿಯಲ್ಲಿ ಬೆಂಕಿಪೊಟ್ಟಣದ ಕಾರ್ಖಾನೆ ಶುರುವಾಗಿ, ಅದರ ಚೀಟಿಗಳಿಗಾಗಿ ಮುದ್ರಣವೂ ಅಲ್ಲಿ ಬೆಳೆಯಿತು. ದಕ್ಷಿಣದ ಸಣ್ಣ ತಯಾರಕರಿಗೆ ಬಣ್ಣದ ಚೀಟಿ ಕೈಗೆಟುಕಿದ್ದು ಹೀಗೆ.

ಕನ್ನಡ ನಾಡಿನಲ್ಲಿ ಸರಕಿನ ಹೊದಿಕೆಯನ್ನು ಒಂದು ಕಲೆಯೆಂದು ಗಟ್ಟಿಯಾಗಿ ಯೋಚಿಸಿದ್ದು ಮೈಸೂರು ಸ್ಯಾಂಡಲ್ ಸಾಬೂನಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಮರ ಯುರೋಪಿಗೆ ಹೋಗುವುದು ನಿಂತು ದಾಸ್ತಾನು ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಸರ್ಕಾರ 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಹಿಡಿಯಿತು. 1918ರ ಹೊತ್ತಿಗೆ ಸಾಬೂನು ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ರಸಾಯನಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಬೂನಿನ ಹದವನ್ನಷ್ಟೇ ನೋಡಿಕೊಂಡು ಸುಮ್ಮನಾಗಲಿಲ್ಲ. ಬಿಲ್ಲೆಗೆ ಅಂಡಾಕಾರ ಕೊಟ್ಟರು. ಒಡವೆ ಅಂಗಡಿಯಲ್ಲಿ ಸುತ್ತುವಂಥ ನಯವಾದ ಬಿಳಿ ಕಾಗದದಲ್ಲಿ ಸುತ್ತಿ, ಒಡವೆ ಪೆಟ್ಟಿಗೆಯನ್ನು ಹೋಲುವ ಡಬ್ಬಿಯಲ್ಲಿ ಇರಿಸಿದರು. ಲಾಂಛನಕ್ಕೆ ಆನೆಯ ತಲೆ, ಸಿಂಹದ ಮೈಯ ಶರಭವನ್ನು ಆರಿಸಿದರು. ಡಬ್ಬಿಯ ಮೇಲೆ 'ಶ್ರೀಗಂಧದ ತವರಿನಿಂದ' ಎಂಬ ಮಾತು ಬಂತು. ಸೋಪು ಮಾರುವ ಜಾಗದಲ್ಲಿ 'ತವರು' ಎಂದು ಬರೆದ ಆ ಕೈಗೆ ನಮಸ್ಕಾರ ಹೇಳಬೇಕು. ಊರಿನ ಹೆಸರೇ ಸರಕಿನ ಬೆಲೆ ಎಂಬುದನ್ನು ಆ ಡಬ್ಬಿ ನೂರು ವರ್ಷದ ಹಿಂದೆಯೇ ಕಂಡುಕೊಂಡಿತ್ತು.

ಮೂವತ್ತು ವರ್ಷ ಕಳೆದ ಮೇಲೆ, 1948ರಲ್ಲಿ, ಮೈಸೂರಿನಲ್ಲೇ ಎನ್. ರಂಗರಾವ್ ಊದುಬತ್ತಿ ವ್ಯಾಪಾರಕ್ಕಿಳಿದರು. ಅವರ ಬತ್ತಿಗೆ ಗುರುತಾಗಿ ನಿಂತದ್ದು ಸೈಕಲ್ಲು: ಎಲ್ಲ ಭಾಷೆಯಲ್ಲೂ ಅದೇ ಹೆಸರು, ಓದು ಬಾರದವರಿಗೂ ಚಿತ್ರ ಸಾಕು.

ಇತ್ತ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆಯ ಮಗ್ಗಗಳಿಗೆ ಚೀಟಿ ಇನ್ನೊಂದು ದಾರಿಯಲ್ಲಿ ಮುಖ್ಯ. ನೇಕಾರ ಜರಿಯನ್ನು 'ಮಾರ್ಕು' ಎಂಬ ತೂಕದ ಲೆಕ್ಕದಲ್ಲಿ ಕೊಳ್ಳುತ್ತಾನೆ. ಬೆಳ್ಳಿ ಜರಿಯೋ ಇಮಿಟೇಶನ್ ಜರಿಯೋ ಬರಿಗಣ್ಣಿಗೆ ಸುಲಭವಾಗಿ ತಿಳಿಯದು. ಪೊಟ್ಟಣದ ಮೇಲಿನ ಮಾತನ್ನೇ ನಂಬಬೇಕು. ಆ ಮಾತು ಸುಳ್ಳಾದರೆ ತಿಂಗಳ ದುಡಿಮೆಯ ಹೆಸರು ಕೆಡುತ್ತದೆ. ಅಪ್ಪಟ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ 'ಸಿಲ್ಕ್ ಮಾರ್ಕ್' ಬಂದದ್ದು, 2006ರಲ್ಲಿ ಕೈಮಗ್ಗಕ್ಕೆ 'ಹ್ಯಾಂಡ್‌ಲೂಮ್ ಮಾರ್ಕ್' ಬಂದದ್ದು ಈ ನಂಬಿಕೆಯನ್ನು ಕಾಪಾಡಲಿಕ್ಕೆ. ಚನ್ನಪಟ್ಟಣದ ಗೊಂಬೆ, ಮೊಳಕಾಲ್ಮೂರು ಸೀರೆಗಳಿಗೆ ಸಿಕ್ಕ ಭೌಗೋಳಿಕ ಗುರುತಿನ ಬೆನ್ನಲ್ಲೂ ಅದೇ ಕಾಳಜಿ ಇದೆ.

ಚೀಟಿಯ ವಿನ್ಯಾಸ ಎಷ್ಟು ಸೂಕ್ಷ್ಮ ಕೆಲಸ ಎಂದು ತಿಳಿಯಬೇಕಾದರೆ ಕಸೂತಿ ದಾರದ ಒಂದು ಲಡಿಯನ್ನು ಕೈಗೆತ್ತಿಕೊಳ್ಳಬೇಕು. ಆರು ಎಳೆ, ಎಂಟು ಮೀಟರು. ಸುತ್ತ ಎರಡು ಕಾಗದದ ಪಟ್ಟಿ: ಒಂದರಲ್ಲಿ ಕಂಪನಿಯ ಹೆಸರು, ಇನ್ನೊಂದರಲ್ಲಿ ಬಣ್ಣದ ಸಂಖ್ಯೆ. ಎಳೆಯ ತುದಿ ಹಿಡಿದು ಎಳೆದರೆ ಪಟ್ಟಿ ಕಳಚದೆ ದಾರ ಸಲೀಸಾಗಿ ಬರುತ್ತದೆ. ಹೀಗಾಗಿ ಕೊನೆಯ ಗೇಣು ದಾರ ಉಳಿದಾಗಲೂ ಸಂಖ್ಯೆ ಅಲ್ಲೇ ಇರುತ್ತದೆ, ಅಂಗಡಿಯಲ್ಲಿ ತೋರಿಸಿದರೆ ಸಾಕು. ನಿಟಿಂಗ್ ಉಲನ್ನಿನ ಪಟ್ಟಿಯಲ್ಲಿ ಇನ್ನೂ ಒಂದು ಸಂಖ್ಯೆ ಇರುತ್ತದೆ, ಬಣ್ಣ ಅದ್ದಿದ ತಂಡದ್ದು. ಒಂದೇ ನೀಲಿಯಾದರೂ ಬೇರೆ ಬೇರೆ ಸಲ ಅದ್ದಿದ ಉಲನ್ನು ಬೆರೆತರೆ ಸ್ವೆಟರಿನ ಮೇಲೆ ಗೆರೆ ಎದ್ದು ಕಾಣುತ್ತದೆ. ಬಳಸುವ ಕೈಯನ್ನು ನೆನೆದು ಮಾಡಿದ ವಿನ್ಯಾಸ ಎಂದರೆ ಇದು. ದೊಡ್ಡ ರಟ್ಟಿನ ಕೆಳಗೆ ಚಿಟಿಕೆ ಮಣಿ ತೂಗುಹಾಕಿದ ಹೊಳೆಯುವ ಪಾಕೀಟು ಇದಕ್ಕೆ ತೀರ ಉಲ್ಟಾ. ಅದು ಕೊಳ್ಳುವವರ ಕಣ್ಣನ್ನಷ್ಟೇ ಲೆಕ್ಕಕ್ಕಿಟ್ಟುಕೊಂಡಿದೆ.

ಕಾನೂನು ಕೂಡ ಚೀಟಿಯ ಮೇಲೆ ಜಾಗ ಕೇಳಿತು. ಪೊಟ್ಟಣ ಸಾಮಗ್ರಿಗಳ 1977ರ ನಿಯಮಗಳು, ಅವುಗಳ ಜಾಗಕ್ಕೆ ಬಂದ 2011ರ ನಿಯಮಗಳು ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ ಅಥವಾ ಅಳತೆ, ತಯಾರಾದ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆಯನ್ನು ಕಡ್ಡಾಯ ಮಾಡಿದವು. ಇವುಗಳ ಜೊತೆಗೆ 890ರಿಂದ ಶುರುವಾಗುವ ಬಾರ್‌ಕೋಡೂ ಜಾಗ ಹಿಡಿಯಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಹೇಳಿತು. ಇಷ್ಟಾಗಿಯೂ ಹೊಲಿಗೆ, ಕುಚ್ಚು, ಆರಿ ವರ್ಕಿನ ಸಾಮಗ್ರಿಯ ಪೊಟ್ಟಣಗಳಲ್ಲಿ ಕನ್ನಡ ಅಪರೂಪ. ಅವುಗಳನ್ನು ಬಳಸುವ ಬಹುಪಾಲು ಹೆಂಗಸರು ಓದುವುದು ಕನ್ನಡವನ್ನೇ.

ಮೊದಲಿದ್ದ ಅಡ್ಡಿ ಖರ್ಚಿನದು. ಬಣ್ಣದ ಪೌಚು ಅಚ್ಚು ಹಾಕಿಸಲು ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕು, ಸಾವಿರಗಟ್ಟಲೆ ಮಾಡಿಸಬೇಕು. ಹತ್ತು ಜನರ ಸಂಘಕ್ಕೆ ಅದು ನಿಲುಕದು. ಈಗ ಸಾದಾ ಪೌಚಿನ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಕೆಲಸ ಆಯಿತು. ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಬರೆಯುವ 'ನುಡಿ' ತಂತ್ರಾಂಶ ಬಂದು ಎರಡು ದಶಕ ದಾಟಿತು. 'ಬಾಲೂ ತಮ್ಮ', 'ಅಕಯ ಕನಡಕ'ದಂಥ ಜೀವಕಳೆಯುಳ್ಳ ಕನ್ನಡ ಅಕ್ಷರಗಳು ಪುಕ್ಕಟೆಯಾಗಿ ಸಿಗುತ್ತವೆ. ಪ್ಲಾಸ್ಟಿಕ್ಕಿನ ಮೇಲೆ ನಿರ್ಬಂಧ ಬಿಗಿಯಾಗುತ್ತಿರುವಾಗ ಕಾಗದದ ಪಟ್ಟಿ, ಬಟ್ಟೆಯ ಚೀಲಗಳಿಗೆ ಮತ್ತೆ ಬೆಲೆ ಬಂದಿದೆ.

ಆದರೂ ಈ ನಾಲ್ಕು ತಾಲ್ಲೂಕಿನ ಸರಕು ಹೆಚ್ಚಾಗಿ ಹೆಸರಿಲ್ಲದೆ ಹೊರಡುತ್ತದೆ. ಮಧುಗಿರಿ, ಕೊರಟಗೆರೆ ಸೀಮೆಯ ಹುಣಸೆ ಮೂಟೆಯಲ್ಲಿ ಸಂತೆಗೆ ಹೋಗುತ್ತದೆ. ಅದರ ಬೀಜದ ಪುಡಿ ನೂಲಿಗೆ ಬಳಿಯುವ ಸರಿಯಾಗುತ್ತದೆ, ಬಟ್ಟೆಯ ಮೇಲೆ ಅಚ್ಚೊತ್ತುವ ಬಣ್ಣವನ್ನು ಮಂದ ಮಾಡುತ್ತದೆ. ಅದೂ ಕೈಕೆಲಸದ ಸಾಮಗ್ರಿಯೇ. ಶಿರಾ ಸೀಮೆಯ ಕಂಬಳಿ ಪೇಟೆಯ ಅಂಗಡಿ ಸೇರಿದ ಮೇಲೆ ಬರೀ 'ಉಣ್ಣೆ ಕಂಬಳಿ'ಯಾಗುತ್ತದೆ. ಸಂತೆಯಲ್ಲಿ ಎದುರು ಕೂತಿದ್ದ ನೇಕಾರ ಅಲ್ಲಿಲ್ಲ, ಅವನ ಬದಲಿಗೆ ಮಾತಾಡಲು ಒಂದು ಚೀಟಿಯೂ ಇಲ್ಲ.

ಡಿಟಿಪಿ ಅಂಗಡಿಯ ಗೆಳೆಯರೇ, ಸಂಘದ ಅಕ್ಕಂದಿರೇ, ಒಂದು ಸಣ್ಣ ಪಟ್ಟಿಯಿಂದ ಶುರು ಮಾಡಿ. ಅದರಲ್ಲಿ ಊರಿನ ಹೆಸರು, ಉಣ್ಣೆಯ ಬಗೆ, ಉದ್ದಗಲ, ತೂಕ, ಬೆಲೆ, ಒಗೆಯುವ ಬಗೆ ಇರಲಿ. ಎಲ್ಲವೂ ಕನ್ನಡದಲ್ಲಿ, ಕನ್ನಡಕ ಹಾಕದೆ ಓದುವಷ್ಟು ದಪ್ಪ ಅಕ್ಷರದಲ್ಲಿ ಇರಲಿ. ಮುಂದಿನ ಸಂತೆಯ ಹೊತ್ತಿಗೆ ಅದನ್ನು ಕಂಬಳಿಯ ಅಂಚಿಗೆ ಹೊಲಿಯಿರಿ.