ತಮ್ಮನ ಫೈಬರ್ ದೋಣಿ ಮತ್ತು ನಾನು ಕಲಿಸದ ಪಾಠ



ಬೇಸಗೆಯಲ್ಲಿ ಊರಿಗೆ ಬಂದಿದ್ದ ಕೆಲವರು ನನ್ನನ್ನು ಕಂಡು ನಕ್ಕದ್ದುಂಟು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮೈಯೆಲ್ಲ ಬಿಳಿಯ ಧೂಳಾಗಿ, ಮಗುಚಿ ಹಾಕಿದ ದೋಣಿಯೊಂದನ್ನು ಉಜ್ಜುತ್ತಿದ್ದ ಮುದುಕ ತಮ್ಮ ಸಮಾಜ ವಿಜ್ಞಾನದ ಮೇಷ್ಟ್ರೆಂದು ಅವರಿಗೆ ಮೊದಲು ತಿಳಿಯಲಿಲ್ಲ. ಆ ದೋಣಿ ನನ್ನ ತಮ್ಮನದು. ಅವನು ತೀರಿಕೊಂಡ ಮೇಲೆ ನಾಲ್ಕು ಮಳೆಗಾಲ ಅದು ತೆಂಗಿನ ಮರದ ಬುಡದಲ್ಲಿ ಬಿದ್ದಿತ್ತು. ಅದನ್ನು ಸರಿಪಡಿಸುವ ನೆಪದಲ್ಲಿ ನಮ್ಮ ಕರಾವಳಿಯ ದೋಣಿಗಳ ಚರಿತ್ರೆಯನ್ನು ನಾನು ಮೊದಲ ಸಲ ಕೈಯಾರೆ ಓದಿದೆನೆನ್ನಬೇಕು. ತರಗತಿಯಲ್ಲಿ ವಾಸ್ಕೋಡಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದುದನ್ನು ವರ್ಷವರ್ಷವೂ ಹೇಳಿದ ನಾನು, ಶಾಲೆಯ ಹಿಂದಿನ ಮರಳಿನ ಮೇಲಿದ್ದ ದೋಣಿಗಳ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ನಮ್ಮದು ಗಂಗೊಳ್ಳಿಯ ಕಡೆಯ ಮನೆತನ. ಪಂಚಗಂಗಾವಳಿಯಾಗಿ ಐದು ನದಿಗಳು ಸಮುದ್ರ ಸೇರುವ ಜಾಗ. ಅಜ್ಜನ ಕಾಲದ ದೋಣಿಗೆ ಕಬ್ಬಿಣದ ಮೊಳೆ ಇರಲಿಲ್ಲ. ಹೆಬ್ಬಲಸಿನ ಹಲಗೆಗಳ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಕತ್ತದ ಹುರಿಯಿಂದ ಬಿಗಿದು ಹೊಲಿಯುತ್ತಿದ್ದರು. ಇದು ಬಹು ಹಳೆಯ ವಿದ್ಯೆ. 14ನೇ ಶತಮಾನದಲ್ಲಿ ನಮ್ಮ ನೆರೆಯ ಹೊನ್ನಾವರದಲ್ಲಿಯೂ ತಂಗಿದ್ದ ಪ್ರವಾಸಿ ಇಬ್ನ್ ಬತೂತನು ಭಾರತದ ಮತ್ತು ಯೆಮನ್ನಿನ ಹಡಗುಗಳನ್ನು ತೆಂಗಿನ ನಾರಿನಿಂದ ಹೊಲಿಯುವರೆಂದು ಬರೆದಿದ್ದಾನೆ. ಅವನು ಕೊಡುವ ಕಾರಣವೂ ಸೊಗಸಾಗಿದೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿಕೊಂಡು ಉಳಿಯುತ್ತದೆ.

ಹೊಲಿದ ದೋಣಿಗೆ ಆರೈಕೆ ಬಹಳ. ಹುರಿ ಕೊಳೆತರೆ ಬಿಚ್ಚಿ ಮರಳಿ ಹೊಲಿಯಬೇಕು. ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯಬೇಕು. ಮಳೆಗಾಲದಲ್ಲಿ ಮಡಲಿನ ಚಪ್ಪರದಡಿ ಇಡಬೇಕು. ನನ್ನ ಬಾಲ್ಯದಲ್ಲಿ ಆ ಎಣ್ಣೆಯ ವಾಸನೆ ಬಂತೆಂದರೆ ಹೊಸ ಮೀನುಗಾರಿಕೆ ಹತ್ತಿರವಾಯಿತೆಂದು ಅರ್ಥ. ಕೊನೆಗೊಮ್ಮೆ ಹಲಗೆ ಲಡ್ಡಾದರೆ ಅದು ಒಲೆಗೆ ಸೌದೆಯಾಗುತ್ತಿತ್ತು, ಇಲ್ಲವೆ ಬೇಲಿಯಲ್ಲಿ ಮಣ್ಣಾಗುತ್ತಿತ್ತು.

ಅಪ್ಪಯ್ಯ ರಂಪಣಿಯ ಕಾಲದವರು. ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟುಕೊಂಡು ದಡಕ್ಕೆ ಬರುತ್ತಿತ್ತು. ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ನಿಂತು ಹತ್ತಾರು ಜನ ಎಳೆಯುತ್ತಿದ್ದರು. ಬಂಗುಡೆ, ಬೈಗೆ ರಾಶಿಯಾಗಿ ಬಿದ್ದರೆ ಬಲೆಗಿಷ್ಟು, ದೋಣಿಗಿಷ್ಟು, ಎಳೆದ ಕೈಗಿಷ್ಟು ಎಂದು ಪಾಲಾಗುತ್ತಿತ್ತು. ಶಾಲೆ ತಪ್ಪಿಸಿ ಹಗ್ಗ ಹಿಡಿದ ಹುಡುಗರಿಗೂ ನಾಲ್ಕು ಮೀನು ಸಿಗುತ್ತಿತ್ತು. ಆ ಹುಡುಗರಲ್ಲಿ ನಾನೂ ಒಬ್ಬ ಎಂಬುದನ್ನು ಹಾಜರಿಗಾಗಿ ನನ್ನಿಂದ ಬೈಸಿಕೊಂಡವರು ಕ್ಷಮಿಸಬೇಕು.

ಅಷ್ಟರಲ್ಲಿ ಯಂತ್ರ ಬಂದಿತ್ತು. 1950ರ ದಶಕದ ಮೊದಲಲ್ಲಿ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಎಂಜಿನ್ ಬೋಟುಗಳು ಹೆಚ್ಚಿದವು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂದಾಗ ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ನೀರಿನಲ್ಲೇ ಸುತ್ತುವರಿಯುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ಮುಚ್ಚಿದವು. ಅಪ್ಪಯ್ಯನ ರಂಪಣಿಯೂ ಮುರಿಯಿತು. ಪಾಲಿಗೆ ಬಂದ ಬಲೆಯ ತುಂಡು ಬಹುಕಾಲ ನಮ್ಮ ಅಟ್ಟದಲ್ಲಿತ್ತು. ನಾನು ಓದಿ ಬಿ.ಎಡ್. ಮುಗಿಸಿ ಮೇಷ್ಟ್ರಾದೆ. ತಮ್ಮ ಕಡಲಿನಲ್ಲೇ ಉಳಿದ. ಮನೆಯ ಉಳಿತಾಯ ನನ್ನ ಫೀಸಿಗೆ ಹೋಯಿತು, ಅವನ ಪಾಲಿಗೆ ಅಜ್ಜನ ದೋಣಿ ಬಂತು. ಇದನ್ನು ನಾವಿಬ್ಬರೂ ಎಂದೂ ಬಾಯಿಬಿಟ್ಟು ಮಾತಾಡಲಿಲ್ಲ.

1998ರಲ್ಲಿ ಅವನು ಫೈಬರ್ ದೋಣಿ ಕೊಳ್ಳುವೆನೆಂದು ಬಂದ. ಆ ವೇಳೆಗೆ ದೊಡ್ಡ ಮರ ದುಬಾರಿಯಾಗಿತ್ತು, ಹೊಲಿಯುವ ಕೈಗಳೂ ಕಡಿಮೆಯಾಗಿದ್ದವು. ಸಾಲಕ್ಕೆ ಜಾಮೀನು ಬೇಕಿತ್ತು. ಸರ್ಕಾರಿ ಸಂಬಳದ ಅಣ್ಣನಾಗಿ ನಾನು ಸಹಿ ಹಾಕಿದೆ. “ಇದಕ್ಕೆ ಸಾವಿಲ್ಲ, ಅಣ್ಣಯ್ಯ” ಎಂದಿದ್ದ. ಕಂತುಗಳನ್ನು ಒಂದನ್ನೂ ತಪ್ಪಿಸದೆ ತೀರಿಸಿದ.

ಫೈಬರ್ ಎಂದರೇನೆಂದು ತಿಳಿಯದವರಿಗಾಗಿ ಒಂದು ಮಾತು. ಗಾಜನ್ನು ಕರಗಿಸಿ ಕೂದಲಿಗಿಂತ ತೆಳುವಾದ ಎಳೆ ತೆಗೆದು ಚಾಪೆಯಂತೆ ಮಾಡುತ್ತಾರೆ. ಇದನ್ನೇ ಮ್ಯಾಟ್ ಎನ್ನುವುದು. ಅದನ್ನು ಅಚ್ಚಿನೊಳಗೆ ಹಾಸಿ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟಿನಿಂದ ತೋಯಿಸಿ ಪದರ ಪದರವಾಗಿ ಕಟ್ಟುತ್ತಾರೆ. ಅಮೆರಿಕದಲ್ಲಿ ಗಾಜಿನ ಎಳೆಯ ಉದ್ಯಮ 1930ರ ದಶಕದಲ್ಲಿ ಬೆಳೆಯಿತು. 1942ರಲ್ಲಿ ಒಹಾಯೋದ ರೇ ಗ್ರೀನ್ ಎಂಬವರು ಈ ವಿಧಾನದಲ್ಲಿ ಸಣ್ಣ ದೋಣಿಯೊಂದನ್ನು ಮಾಡಿದರು. ಎರಡನೆಯ ಮಹಾಯುದ್ಧದ ನಂತರ ಇದು ಲೋಕದ ಬಂದರುಗಳಿಗೆಲ್ಲ ಹರಡಿತು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ತಮಿಳುನಾಡಿನ ತೀರದಲ್ಲಿ ಕಟ್ಟುಮರಗಳ ಜಾಗಕ್ಕೆ ಫೈಬರ್ ದೋಣಿಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಹಗುರ, ಹುಳ ಹಿಡಿಯುವುದಿಲ್ಲ, ವರ್ಷವರ್ಷ ಎಣ್ಣೆ ಬೇಡ. ಬಡ ಮೀನುಗಾರನಿಗೆ ಇದು ನಿಜವಾದ ಬಿಡುಗಡೆಯೇ ಆಗಿತ್ತು. ಹಳೆಯದೆಲ್ಲ ಚೆನ್ನವೆಂದು ನಾನು ವಾದಿಸುತ್ತಿಲ್ಲ.

ಆದರೆ ಒಂದು ತೊಡಕಿದೆ. ಗಟ್ಟಿಯಾದ ಈ ರೆಸಿನ್ ಮತ್ತೆ ಕರಗುವುದಿಲ್ಲ. ಸುಟ್ಟ ಮಡಕೆ ಮರಳಿ ಜೇಡಿಮಣ್ಣಾಗದ ಹಾಗೆ. ಮಣ್ಣಿನಲ್ಲಿ ಹೂತರೆ ಕೊಳೆಯದು, ಸುಟ್ಟರೆ ವಿಷದ ಹೊಗೆ. ತಮ್ಮನ ಮಗ ಬೆಂಗಳೂರಿನಿಂದ ಬಂದಾಗ ಅದನ್ನೇ ಹೇಳಿದ. “ಇದ್ರ ಉಸಾಬರಿ ಎಂತಕೆ ದೊಡ್ಡಪ್ಪ? ಗುಜರಿಯವರೂ ತಕಂಬುದಿಲ್ಲ. ತುಂಡು ಮಾಡಿ ಸುಟ್ಟುಬಿಡುವ.” ಸಾವಿಲ್ಲವೆಂದು ನನ್ನ ತಮ್ಮ ಮೆಚ್ಚಿಕೊಂಡದ್ದೇ ಅವನ ಮಗನಿಗೆ ಹೊರೆಯಾಗಿತ್ತು. ಸುಡುವುದು ಬೇಡ, ಒಂದು ಬೇಸಗೆ ಕೊಡು ಎಂದೆ. ಹದಿನೈದು ದಿನ ರಜೆ ಹಾಕಿ ಅವನೂ ನಿಂತ.

ಫೈಬರ್ ಕೆಲಸ ಬಲ್ಲ ಒಬ್ಬರನ್ನು ಕರೆಸಿದೆವು. ಅವರು ನಾಣ್ಯದಿಂದ ದೋಣಿಯ ಮೈಯನ್ನೆಲ್ಲ ತಟ್ಟಿ ಕೇಳಿದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಮಂಕಾಗಿ ಬೊದ್ದೆನ್ನುತ್ತದೆ. ಬಿಸಿಲಿಗೆ ಹೊರಮೈ ಸುಣ್ಣದಂತೆ ಪುಡಿಯಾಗಿತ್ತು. ತಳದಲ್ಲಿ ಗುಳ್ಳೆಗಳೆದ್ದಿದ್ದವು. ಅವುಗಳನ್ನು ಕೆರೆದು ವಾರಗಟ್ಟಲೆ ಒಣಗಿಸಿದೆವು. ಬಿರುಕಿದ್ದಲ್ಲಿ ತೂತು ಮುಚ್ಚಿದರೆ ಸಾಲದು. ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು: 6 ಮಿ.ಮೀ. ದಪ್ಪಕ್ಕೆ 72 ಮಿ.ಮೀ. ಆಗಲೇ ಹೊಸ ಪದರ ಹಳೆಯದನ್ನು ಹಿಡಿಯುವುದು. ಒಂದು ಕಿಲೋ ರೆಸಿನ್‌ಗೆ ಹಾರ್ಡನರ್ 10ರಿಂದ 20 ಗ್ರಾಂ ಮಾತ್ರ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಮನೆಯಲ್ಲಿ ಪ್ರಯತ್ನಿಸುವವರು ಇದನ್ನು ಮರೆಯಬಾರದು.

ಒಂದು ತಪ್ಪು ನನ್ನಿಂದಲೇ ಆಯಿತು. ಹುಡುಗನ ರಜೆ ಮುಗಿಯುತ್ತಿತ್ತು. ಹಿಂದಿನ ರಾತ್ರಿ ಅಕಾಲದ ಮಳೆ ಬಂದಿತ್ತು. ಇಂದು ಬೇಡವೆಂದು ಕೆಲಸದವರು ಹೇಳಿದರೂ ನಾನು ಆತುರಪಟ್ಟು ಮ್ಯಾಟ್ ಹಾಕಿಸಿದೆ. ಎರಡು ದಿನ ಕಳೆದರೂ ಅದು ಅಂಟಂಟಾಗಿಯೇ ಇತ್ತು, ಉಗುರಿಗೆ ಕಿತ್ತು ಬಂತು. ಎಲ್ಲವನ್ನೂ ಉಜ್ಜಿ ಮೊದಲಿನಿಂದ ಮಾಡಬೇಕಾಯಿತು. ಜೀವನವಿಡೀ ಇತರರ ಉತ್ತರ ಪತ್ರಿಕೆ ತಿದ್ದಿದವನಿಗೆ ಇದು ತಕ್ಕ ಪಾಠ.

ಎಂಜಿನ್ ಕೂರಿಸುವ ಹಿಂಬದಿಯನ್ನು ತೆರೆದಾಗ ಇನ್ನೊಂದು ವಿಷಯ ತಿಳಿಯಿತು. ಅಲ್ಲಿ ಫೈಬರಿನ ಒಳಗೆ ಇರಬೇಕಾದದ್ದು ಪ್ಲೈವುಡ್. ಅದು ಯಾವಾಗಲೋ ಲಡ್ಡಾಗಿ, ತಮ್ಮ ಅದರ ಜಾಗದಲ್ಲಿ ಬೇರೊಂದು ಹಲಗೆ ಸೇರಿಸಿದ್ದ. ಒರೆಸಿ ನೋಡಿದರೆ ಅಂಚಿನಲ್ಲಿ ಸಾಲಾಗಿ ತೂತುಗಳು. ಅಜ್ಜನ ದೋಣಿಯ ಹೆಬ್ಬಲಸು! ಆ ದೋಣಿಯನ್ನು ತಮ್ಮ ಸೌದೆಗೆ ಮಾರಿದನೆಂದು ನಾನು ನಂಬಿದ್ದೆ, ಒಮ್ಮೆ ಆಡಿಯೂ ತೋರಿಸಿದ್ದೆ. ಅವನು ಎದುರು ಮಾತಾಡಿರಲಿಲ್ಲ. ಹಲಗೆಯ ಒಂದು ತುದಿ ಮಾತ್ರ ಕೆಟ್ಟಿತ್ತು. ಮಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಈ ತೂತುಗಳೇಕೆ ಎಂದು ಕೇಳಿದ. ದೋಣಿ ಹೊಲಿಯುವ ಪಾಠವನ್ನು ನಾನು ಮೊದಲ ಬಾರಿಗೆ ಮಾಡಿದ್ದು ಅಂದು, ಒಬ್ಬನೇ ವಿದ್ಯಾರ್ಥಿಗೆ.

ಹಿಂಬದಿಗೆ ಹೊಸ ಪ್ಲೈವುಡ್ ಹಾಕಿದೆವು. ಹೆಬ್ಬಲಸಿನ ಗಟ್ಟಿ ಭಾಗವನ್ನು ಕೂರುವ ಅಡ್ಡಹಲಗೆ ಮಾಡಿದೆವು. ದೋಣಿ ಈಗ ನೀರಿನಲ್ಲಿದೆ. ಜೂನ್, ಜುಲೈಯ ನಿಷೇಧದಲ್ಲಿ ದೊಡ್ಡ ಬೋಟುಗಳು ದಡ ಸೇರಿದಾಗಲೂ 10 ಅಶ್ವಶಕ್ತಿಯ ಒಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಅವಕಾಶವುಂಟು. ನೆರೆಮನೆಯ ಇಬ್ಬರು ತರುಣರು ಪಾಲಿನ ಮೇಲೆ ಅದನ್ನು ನಡೆಸುತ್ತಿದ್ದಾರೆ. ದೋಣಿಯ ಪಾಲು ತಮ್ಮನ ಹೆಂಡತಿಗೆ ಸಲ್ಲುತ್ತದೆ.

ಇಷ್ಟರಿಂದ ಅದು ಶಾಶ್ವತವಾಯಿತೆಂದು ಭ್ರಮೆ ಇಲ್ಲ. ಹತ್ತು ಹದಿನೈದು ವರ್ಷ ಬಾಳೀತು. ಆಮೇಲೆ ಅದೇ ಪ್ರಶ್ನೆ ಮಗನ ಮುಂದೆ ಮತ್ತೆ ಬರುತ್ತದೆ. ಮಣ್ಣಾಗದ ವಸ್ತುವನ್ನು ಮನೆಗೆ ತಂದವರು ಅದನ್ನು ಆದಷ್ಟು ಕಾಲ ಬಳಸುವ ಹೊಣೆಯನ್ನೂ ಹೊರಬೇಕು ಎಂಬುದು ನನ್ನ ಅಭಿಪ್ರಾಯ.

ಗಂಗೊಳ್ಳಿ, ಮಲ್ಪೆ, ಹೊನ್ನಾವರದ ಕಡೆಯ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಹಿರಿಯರಲ್ಲಿ ದೋಣಿ ಹೊಲಿದವರು, ರಂಪಣಿ ಎಳೆದವರು ಇನ್ನೂ ಇದ್ದರೆ ಅವರ ಬಳಿ ಕುಳಿತು ಕೇಳಿ ಬರೆದಿಡಿ. ನಾನು ತಮ್ಮನನ್ನು ಕೇಳಲಿಲ್ಲ.