ಮಾಣಿ, ಸಪ್ಲೈಯರ್, ಧಣಿ

ರಾತ್ರಿ ಹೋಟೆಲಿನ ಬಾಗಿಲು ಎಳೆದರೂ ಕೆಲಸ ಮುಗಿಯುತ್ತಿರಲಿಲ್ಲ. ನೆಲ ತೊಳೆಯಬೇಕು, ಬಾಣಲೆ ಉಜ್ಜಬೇಕು, ಬೆಳಗಿನ ಇಡ್ಲಿಗೆ ಉದ್ದು ರುಬ್ಬಬೇಕು. ಅದೆಲ್ಲ ಆದ ಮೇಲೆ ಎರಡು ಮೇಜು ಜೋಡಿಸಿ, ಮೇಲೊಂದು ಚಾಪೆ ಹಾಸಿ ಮಾಣಿಗಳು ಮಲಗುತ್ತಿದ್ದರು. ಬೆಳಗಿನ ಜಾವ ಭಟ್ಟರು ಒಲೆ ಹಚ್ಚುವ ಹೊತ್ತಿಗೆ ಚಾಪೆ ಸುತ್ತಿಡಬೇಕು. ಆ ಮೇಜು ಮತ್ತೆ ಗಿರಾಕಿಯದು. ಇಪ್ಪತ್ತನೆಯ ಶತಮಾನದ ಬಹುಭಾಗ ಮುಂಬಯಿ, ಮದರಾಸು, ಬೆಂಗಳೂರಿನ ಉಡುಪಿ ಹೋಟೆಲುಗಳು ನಡೆದದ್ದು ಹೀಗೆ.

ಗಲ್ಲಾದಲ್ಲಿ ಕೂತ ಧಣಿಯೂ ಎಷ್ಟೋ ಸಲ ಅದೇ ಮೇಜಿನ ಮೇಲೆ ಮಲಗಿ ಎದ್ದವನೇ. ಮದರಾಸಿನ ರಾಯಪೇಟೆಯಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರು ಆ ಊರಿಗೆ ಬಂದದ್ದು ಅಡುಗೆಮನೆಯ ಆಳಾಗಿ. ಮುಂಬಯಿಯ ಮಾತುಂಗಾದಲ್ಲಿ 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರು ಹುಡುಗರಾಗಿದ್ದಾಗಲೇ ಅಡುಗೆಮನೆಯ ಕೆಲಸಕ್ಕೆ ಇಳಿದವರು. ಇಂಥವರ ಹೋಟೆಲಿನಲ್ಲಿ ಮೇಲೇರುವ ದಾರಿ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಮೊದಲು ಲೋಟ ತೊಳೆಯುವುದು, ಮೇಜು ಒರೆಸುವುದು. ಮೀಸೆ ಚಿಗುರುವ ಹೊತ್ತಿಗೆ ಸಪ್ಲೈಯರ್. ನಾಲ್ಕು ದೋಸೆ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಸಾಲಾಗಿ ಇಟ್ಟುಕೊಂಡು, ಯಾವ ಮೇಜಿಗೆ ಎಷ್ಟಾಯಿತೆಂದು ಚೀಟಿಯಿಲ್ಲದೆ ನೆನಪಿಟ್ಟು, ಗಿರಾಕಿ ಎದ್ದಾಗ ಗಲ್ಲಾಕ್ಕೆ ಕೇಳುವಂತೆ ಮೊತ್ತ ಕೂಗಿ ಹೇಳುವ ಕೆಲಸ ಅದು. ಅಲ್ಲಿಂದ ಕೆಲವರು ಒಲೆಯ ಕಡೆ ಹೋದರು, ಕೆಲವರು ಲೆಕ್ಕದ ಕಡೆ. ಇನ್ನು ಕೆಲವರು ಪಕ್ಕದ ಬೀದಿಯಲ್ಲಿ ತಮ್ಮದೇ ಬೋರ್ಡು ತೂಗುಹಾಕಿದರು. ಹಾಗೆ ಹೊರಟವನಿಗೆ ಹಳೆಯ ಧಣಿಯೇ ಬಂಡವಾಳಕ್ಕೆ ಕೈಹಿಡಿದದ್ದೂ ಉಂಟು.

ಇಂಥ ಧಣಿಗೆ ಸಿಗುತ್ತಿದ್ದ ಗೌರವಕ್ಕೆ ಕಾರಣ ಅವನ ಕೈಯ ಕೆಲಸ. ಭಟ್ಟರು ಹೇಳದೆ ಕೇಳದೆ ಊರಿಗೆ ಹೋದ ದಿನ ಬೈರಾಸು ಬಿಗಿದು ಕಲ್ಲಿನ ಮುಂದೆ ತಾನೇ ನಿಲ್ಲಬಲ್ಲವನಿಗೆ ಕೆಲಸದ ಕಷ್ಟವನ್ನು ಯಾರೂ ವಿವರಿಸಬೇಕಿರಲಿಲ್ಲ, ಅವನ ಮುಂದೆ ಸಬೂಬೂ ನಡೆಯುತ್ತಿರಲಿಲ್ಲ.

ಬೆಂಗಳೂರಿನ ಎಂಟಿಆರ್ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಮೊದಲು ಮಾಡಿದ್ದು ದೊಡ್ಡವರ ಮನೆಗಳಲ್ಲಿ ಅಡುಗೆ. 1924ರಲ್ಲಿ ತೆರೆದ ಅವರ ಹೋಟೆಲಿಗೆ ಆಗ ಇದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ಇಲ್ಲಿಯೇ ಎಂಬುದು ಆ ಮನೆಯವರ ಹೆಮ್ಮೆ. ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಣ್ಣಾರೆ ನೋಡಿ ಬಂದರು. ಬಂದವರೇ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಒಳಬರುವಂತೆ ಮಾಡಿದರು. ಹೊಗೆ ತುಂಬಿದ ಕತ್ತಲ ಮೂಲೆಯಲ್ಲಿ ಬೆವರು ಸುರಿಸುತ್ತಿದ್ದ ಭಟ್ಟರ ಕೆಲಸ ಹೀಗೆ ಊರವರ ಕಣ್ಣಮುಂದೆ ಬಂತು. ನೋಡುವವರಿದ್ದಾಗ ಪಾತ್ರೆಯ ಜೊತೆಗೆ ಅದನ್ನು ಹಿಡಿದ ಕೈಗೂ ಬೆಲೆ ಬರುತ್ತದೆ.

ಕಠಿಣ ಪರೀಕ್ಷೆ ಬಂದದ್ದು ತುರ್ತುಪರಿಸ್ಥಿತಿಯ ದಿನಗಳಲ್ಲಿ. ಹೋಟೆಲ್ ತಿಂಡಿಯನ್ನು ತೀರ ಕಡಿಮೆ ದರಕ್ಕೆ ಮಾರಬೇಕೆಂದು ಸರ್ಕಾರ ಕಟ್ಟುಪಾಡು ಮಾಡಿತು. ಆ ದರದಲ್ಲಿ ತುಪ್ಪ, ಗೋಡಂಬಿಯ ರುಚಿ ಉಳಿಸಿಕೊಳ್ಳುವುದು ಆಗದ ಮಾತು. ಹೋಟೆಲ್ ಮುಚ್ಚಿದರೆ ಕೆಲಸಗಾರರ ಗತಿಯೇನು? ಮಯ್ಯ ಕುಟುಂಬ ರವೆ ಇಡ್ಲಿಯಂಥ ತಿಂಡಿಗಳ ಒಣ ಮಿಶ್ರಣ ಮಾಡಿ ಪೊಟ್ಟಣ ಕಟ್ಟಿ ಮಾರಲು ಹೊರಟಿತು. ಕೆಲಸಗಾರರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಅದಕ್ಕೊಂದು ಮುಖ್ಯ ಕಾರಣ. ರವೆ ಹುರಿಯುವ ಹದ ಗೊತ್ತಿದ್ದವರಿಗೆ ಹೊಸ ಕೆಲಸ ಹೊಸದೇನೂ ಆಗಿರಲಿಲ್ಲ. ಆ ಪೊಟ್ಟಣದ ವ್ಯಾಪಾರವೇ ಬೆಳೆದು ದೊಡ್ಡ ಕಂಪನಿಯಾಗಿ, 2007ರಲ್ಲಿ ನಾರ್ವೆಯ ಓರ್ಕ್ಲಾದ ಪಾಲಾಯಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಮಾಣಿಗೆ ಅನ್ಯಾಯ. ‘ನಮ್ಮ ಹುಡುಗ’ ಎಂಬ ಮಾತಿನ ಬಿಸುಪಿನಲ್ಲಿ ದುಡಿಮೆಗೆ ಗಂಟೆಯ ಲೆಕ್ಕ ಇರಲಿಲ್ಲ. ಎಷ್ಟೋ ಕಡೆ ಸಂಬಳ ಧಣಿಯ ಪುಸ್ತಕದಲ್ಲೇ ಜಮೆ. ಊರಿಗೆ ಹೋಗುವಾಗ ಅವನು ಕೊಟ್ಟಷ್ಟೇ ಲೆಕ್ಕ. ಹಳೆಯ ಹೋಟೆಲುಗಳ ಅಡುಗೆಮನೆಗೆ ಎಲ್ಲ ಜಾತಿಯವರಿಗೂ ಪ್ರವೇಶವಿರಲಿಲ್ಲ, ಊಟದ ಪಂಕ್ತಿಯಲ್ಲೂ ಭೇದವಿತ್ತು. ಬಂಟರು, ಬಿಲ್ಲವರು, ಮೊಗವೀರರು ಹೋಟೆಲ್ ಉದ್ಯಮದಲ್ಲಿ ತಮ್ಮ ಹೆಜ್ಜೆ ಊರಿದ್ದು ಆ ಗೋಡೆಯನ್ನು ದಾಟಿಕೊಂಡೇ. ದುಡಿಮೆಯ ಅವಧಿಗೆ ಮಿತಿ ಹಾಕಿದ್ದು ಧಣಿಯ ದಯೆಗಿಂತ ಹೆಚ್ಚಾಗಿ ಕಾನೂನು: ಮುಂಬಯಿಯಲ್ಲಿ 1939ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, ಕರ್ನಾಟಕದಲ್ಲಿ 1961ರದು. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸಗಾರರು ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ಬೆಂಗಳೂರಿನಲ್ಲೇ ಹುಟ್ಟಿತು. ಧಣಿಯೇ ಇಲ್ಲದೆ ಹೋಟೆಲ್ ನಡೆದೀತೆಂದು ಅವರು ಮಾಡಿ ತೋರಿಸಿದರು.

ಕಾನೂನಿಗಿಂತ ಮೊದಲು ಮಾಣಿಯ ನೆರವಿಗೆ ಬಂದದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಮೊಗವೀರ ಸಮಾಜದವರು ಕಳೆದ ಶತಮಾನದ ಆರಂಭದಲ್ಲೇ ಅಂಥದೊಂದನ್ನು ತೆರೆದಿದ್ದರು. ಸಂಜೆಯ ಕಾಫಿಯ ಗದ್ದಲ ಇಳಿಯುತ್ತಿದ್ದಂತೆ ಕೈಗೆ ಹತ್ತಿದ ಸಾಂಬಾರಿನ ವಾಸನೆಯನ್ನು ತೊಳೆದುಕೊಂಡು, ಸ್ಲೇಟು ಪುಸ್ತಕ ಹಿಡಿದು ಹುಡುಗರು ಓಡುತ್ತಿದ್ದರು. ಆ ಹೊತ್ತಿಗೆ ಬಿಡುವು ಕೊಡುವುದು ಧಣಿಯ ಮರ್ಜಿ. ಊಟದ ಗಿರಾಕಿಗಳು ಬರುವ ಸಮಯದಲ್ಲೇ ಇಬ್ಬರು ಹುಡುಗರನ್ನು ಕಳಿಸಿಕೊಟ್ಟ ಧಣಿ ಆ ಎರಡು ತಾಸು ತಾನೇ ತಟ್ಟೆ ಎತ್ತಬೇಕಾಗುತ್ತಿತ್ತು. ಹಾಗೆ ಕಳಿಸಿದವರಿಂದಾಗಿ ಲೋಟ ತೊಳೆದ ಹುಡುಗರು ಬ್ಯಾಂಕು, ಕಚೇರಿ, ಕೋರ್ಟು ಸೇರಿದರು.

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ನಿಷಿದ್ಧ. ಹತ್ತು ಹನ್ನೊಂದರ ಮಾಣಿಯ ಕಾಲ ಕಾಗದದ ಮೇಲಾದರೂ ಅಲ್ಲಿಗೆ ಮುಗಿಯಿತು. ಬಹಳ ಮೊದಲೇ ಮುಗಿಯಬೇಕಿತ್ತು. ಕರಾವಳಿಯ ಮಕ್ಕಳು ಈಗ ಹಗಲಿನಲ್ಲೇ ಶಾಲೆಗೆ ಹೋಗುತ್ತಾರೆ. ಎಷ್ಟೋ ಧಣಿಗಳ ಮಕ್ಕಳೂ ಗಲ್ಲಾ ಬಿಟ್ಟು ಬೇರೆ ಉದ್ಯೋಗ ಹಿಡಿದಿದ್ದಾರೆ. ಬೆಂಗಳೂರಿನ ದರ್ಶಿನಿಗಳಲ್ಲಿ ಕಾದ ಕಲ್ಲಿನ ಮೇಲೆ ಹಿಟ್ಟು ಹರಡುವ ಕೈಗಳಲ್ಲಿ ಹಲವು ಒಡಿಶಾ, ಅಸ್ಸಾಂ, ನೇಪಾಳದವು. ‘ಎರಡು ಮಸಾಲೆ, ಒಂದು ಖಾಲಿ’ ಎಂದು ಕೌಂಟರಿನಿಂದ ಕೂಗಿದರೆ ಅವರಿಗೆ ಥಟ್ಟನೆ ತಿಳಿಯುತ್ತದೆ. ಇಲ್ಲಿ ಬಂದು ಅವರು ಕಲಿತ ಮೊದಲ ಕನ್ನಡವೇ ಅದು.