ಕೂದಲ ಬುಡದ ಗಂಟು

ಮಗುವಿನ ಹುಬ್ಬಿನ ಬಳಿಯೋ ಕೊರಳ ಪಕ್ಕದಲ್ಲೋ ಕಡಲೆಕಾಳಿನಷ್ಟು ಗಂಟೊಂದು ಏಳುತ್ತದೆ. ಸಾಮಾನ್ಯವಾಗಿ ನೋವಿರದು, ಆದರೆ ಒತ್ತಿ ನೋಡಿದರೆ ಕಲ್ಲಿನಂತೆ ಗಟ್ಟಿ. ತಾಯ್ತಂದೆಯರ ಮನಸ್ಸು ಒಡನೆಯೇ ಕ್ಯಾನ್ಸರಿನತ್ತ ಓಡುತ್ತದೆ. ಅವರನ್ನು ದೂರಬೇಕಿಲ್ಲ, ಈ ಗಂಟಿನ ವಿಷಯದಲ್ಲಿ ವೈದ್ಯರೇ ಅರವತ್ತು ವರ್ಷ ದಾರಿ ತಪ್ಪಿದ್ದರು.

1880ರಲ್ಲಿ ಮಾಲೆರ್ಬ್ ಮತ್ತು ಶೆನಾಂತೆ ಎಂಬ ಫ್ರೆಂಚ್ ವೈದ್ಯರು ಇದನ್ನು ಮೊದಲಬಾರಿಗೆ ವರ್ಣಿಸಿದರು. ಒಳಗೆ ಸುಣ್ಣ ಕಟ್ಟಿದ್ದುದನ್ನು ಅವರು ಕಂಡದ್ದು ಸರಿಯೇ. ಆದರೆ ಚರ್ಮಕ್ಕೆ ಜಿಡ್ಡು ಒದಗಿಸುವ ಗ್ರಂಥಿಯೇ ಇದರ ತವರೆಂದು ಬಗೆದು ‘ಸುಣ್ಣಗಟ್ಟಿದ ಎಪಿಥೀಲಿಯೋಮ’ ಎಂದು ಕರೆದರು. ಎಪಿಥೀಲಿಯೋಮ ಎಂಬ ಮಾತು ಚರ್ಮದ ಕ್ಯಾನ್ಸರಿಗೂ ಸಲ್ಲುತ್ತಿದ್ದುದರಿಂದ, ನಿರುಪದ್ರವಿಯಾದ ಗಂಟಿಗೆ ಹೆಸರಿನಿಂದಲೇ ಕಳಂಕ ಅಂಟಿತು.

ಕೂದಲನ್ನು ಕಟ್ಟುವ ಬುಡದ ಜೀವಕೋಶಗಳಲ್ಲಿ ಇದರ ಮೂಲವಿದೆಯೆಂದು 1942ರಲ್ಲಿ ಟುರ್ಹಾನ್ ಮತ್ತು ಕ್ರೈನರ್ ತೋರಿಸಿಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಇದರ ನೋಟವೇ ವಿಚಿತ್ರ. ಒಂದೆಡೆ ಒತ್ತೊತ್ತಾದ, ಕಡುಬಣ್ಣದ ಎಳೆಯ ಕೋಶಗಳು. ಇನ್ನೊಂದೆಡೆ ನಡುವಿನ ಕೇಂದ್ರ ಕರಗಿ, ಅದಿದ್ದ ಜಾಗ ಮಾತ್ರ ಬರಿದಾಗಿ ಉಳಿದ ಕೋಶಗಳು. ಇವಕ್ಕೆ ‘ನೆರಳುಕೋಶ’ ಎಂದೇ ಹೆಸರು. ಕೂದಲಾಗಲು ಹೊರಟು, ಕೂದಲಾಗದೆ ಸತ್ತ ಕೋಶಗಳು ಎನ್ನೋಣ. 1961ರಲ್ಲಿ ಫೋರ್ಬಿಸ್ ಮತ್ತು ಹೆಲ್ವಿಗ್ 228 ಗಂಟುಗಳನ್ನು ಪರಿಶೀಲಿಸಿ, ಹಳೆಯ ಹೆಸರನ್ನು ಕೈಬಿಟ್ಟು ‘ಪೈಲೋಮ್ಯಾಟ್ರಿಕ್ಸೋಮ’ ಎಂದು ಕರೆದರು. ನಾಲಗೆ ತೊಡರುವ ಹೆಸರು ನಿಜ. ಆದರೂ ತವರನ್ನು ಸರಿಯಾಗಿ ಹೇಳುತ್ತದೆ. ಪೈಲೋ ಎಂದರೆ ಕೂದಲು, ಮ್ಯಾಟ್ರಿಕ್ಸ್ ಎಂದರೆ ಅದು ಹುಟ್ಟುವ ಬುಡ. ಬೀಟಾ-ಕೆಟೆನಿನ್ ಎಂಬ ಪ್ರೋಟೀನಿನ ಜೀನಿನಲ್ಲಾಗುವ ವ್ಯತ್ಯಾಸವೇ ಬಹುಪಾಲು ಗಂಟುಗಳಿಗೆ ಕಾರಣವೆಂದು 1999ರಲ್ಲಿ ತಿಳಿದುಬಂತು.

ಹೆಸರು ತಿದ್ದಿದ ಮಾತ್ರಕ್ಕೆ ತೊಡಕು ಮುಗಿಯಲಿಲ್ಲ. ಸೂಜಿಯಿಂದ ಹೀರಿ ತೆಗೆದ ಮಾದರಿಯಲ್ಲಿ ಎಳೆಯ ಕೋಶಗಳಷ್ಟೇ ಸಿಕ್ಕಿ ನೆರಳುಕೋಶಗಳು ಬಾರದಿದ್ದರೆ, ಇಂದಿಗೂ ಕ್ಯಾನ್ಸರೆಂದು ಭ್ರಮಿಸುವುದುಂಟು. ಅನುಭವಿ ವೈದ್ಯರು ಮೊದಲು ಬೆರಳನ್ನು ನಂಬುತ್ತಾರೆ: ಚರ್ಮವನ್ನು ಎಳೆದು ಹಿಡಿದಾಗ ಗಂಟಿನ ಮೂಲೆಗಳು ಡೇರೆಯ ಮಡಿಕೆಗಳಂತೆ ಎದ್ದು ಕಂಡರೆ ಅದೊಂದು ಒಳ್ಳೆಯ ಸುಳಿವು.

ಇದು ಔಷಧಿಗೆ ಕರಗುವ ಗಂಟಲ್ಲ. ಪೂರ್ತಿಯಾಗಿ ಕತ್ತರಿಸಿ ತೆಗೆಯಬೇಕು. ಮೇಲಿನ ಚರ್ಮ ಅಂಟಿಕೊಂಡಿದ್ದರೆ ಅಷ್ಟು ಚರ್ಮವನ್ನೂ ಸೇರಿಸಿ. ಹಾಗೆ ಮಾಡಿದರೆ ಮರುಕಳಿಸುವುದು ಕಡಿಮೆ. 1980ರಲ್ಲಿ ಲೊಪಾನ್ಸ್ರಿ ಮತ್ತು ಮಿಮ್ ಇದರ ಕ್ಯಾನ್ಸರ್ ರೂಪವನ್ನೂ ವಿವರಿಸಿದರು. ಅದು ತೀರಾ ವಿರಳ, ಹೆಚ್ಚಾಗಿ ನಡುವಯಸ್ಸು ದಾಟಿದವರಲ್ಲಿ ಕಾಣುವಂಥದು. ಅದಕ್ಕೆ ಸುತ್ತಲಿನ ಒಳ್ಳೆಯ ಭಾಗವನ್ನೂ ಅಗಲವಾಗಿ ತೆಗೆದು, ಬಹುಕಾಲ ನಿಗಾ ಇಡುತ್ತಾರೆ. ಹೊರನೋಟಕ್ಕೆ ಎರಡನ್ನೂ ಖಚಿತವಾಗಿ ಬೇರ್ಪಡಿಸಲಾಗದ್ದರಿಂದ, ಎಷ್ಟೇ ಚಿಕ್ಕ ಗಂಟಾದರೂ ತೆಗೆದ ಮೇಲೆ ಪ್ಯಾಥಾಲಜಿ ಪರೀಕ್ಷೆಗೆ ಹೋಗಲೇಬೇಕು.